ಬೋರಲು ಹಾಕಿದ ಕಲ್ಲು

ಗುಳೇದಗುಡ್ಡದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೊಳೆ, ಪೈಪು, ಬಣ್ಣ, ಸಿಮೆಂಟು ಎಲ್ಲ ಮಾರುತ್ತೇನೆ. ಗೋಡೆಯಲ್ಲಿ ಒಂದು ಸಂದು ಕಂಡರೆ ಸಾಕು, ಬಿಳಿ ಸಿಮೆಂಟು ಕೊಡಿ ಎಂದು ಓಡಿ ಬರುವ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎರೆ ನೆಲದ ಮೇಲಿನ ಮನೆ ಬೇಸಿಗೆಗೆ ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ. ಅಲ್ಲಾಡುವ ಸಂದಿಗೆ ಗಟ್ಟಿ ಸಿಮೆಂಟು ಮೆತ್ತಿದರೆ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಬಿಡುತ್ತದೆ. ಅಂಥವರಿಗೆ "ನಾಗಲಿಂಗನ್ನ ಕರೀರಿ" ಎಂದು ಹೇಳಿ ಕಳಿಸುತ್ತಿದ್ದೆ. ಬಂದ ಗಿರಾಕಿಯನ್ನು ಅಟ್ಟುತ್ತೀಯಲ್ಲ ಎಂದು ನನ್ನ ಗಂಡ ಗೊಣಗುತ್ತಿದ್ದ. ಗೊಣಗಲಿ, ಅಂಗಡಿ ನನ್ನ ಅಪ್ಪನದು.

ನಾಗಲಿಂಗನ ಮನೆ ಅಂಗಡಿಯ ಹಿಂದಿನ ಓಣಿಯಲ್ಲಿ. ಕುಪ್ಪಸದ ಖಣ ನೇಯುವ ಮನೆತನ. ಹೆಂಡತಿ ಸಂಗವ್ವ ಇಂದಿಗೂ ಪಡಸಾಲೆಯ ಮಗ್ಗದಲ್ಲಿ ಕೂತು ನೇಯುತ್ತಾಳೆ. ಅವನು ಮಾತ್ರ ಹರೆಯದಲ್ಲೇ ಮಗ್ಗ ಬಿಟ್ಟು ಬಾಗಲಕೋಟೆಯ ನವನಗರದಲ್ಲಿ ಗಾಜಿನ ಕೆಲಸದವರ ಜೊತೆ ಸೇರಿಕೊಂಡ. ಅಲ್ಲಿ ಸಂದು ಮುಚ್ಚುವುದನ್ನು ಕಲಿತ. ಎರಡು ಕಲ್ಲುಗಳ ನಡುವೆ, ಗಾಜಿಗೂ ಗೋಡೆಗೂ ನಡುವೆ, ಹಳೆಯ ಕಟ್ಟಡಕ್ಕೂ ಹೊಸದಕ್ಕೂ ನಡುವೆ ಉಳಿಯುವ ಜಾಗಕ್ಕೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲಂಟ್ ತುಂಬುವ ಕೆಲಸ ಅದು. ಇಳಕಲ್ಲಿನ ಗ್ರಾನೈಟ್ ಶೋರೂಮು, ಬಾದಾಮಿಯ ಹೋಟೆಲು, ಹುನಗುಂದದ ಬ್ಯಾಂಕು, ಎಲ್ಲಿ ಸೋರಿದರೂ ಅವನಿಗೇ ಫೋನು.

"ಅಕ್ಕಾರ, ಇದು ಎರಡೂ ಮಗ್ಗಲ ಹಿಡೀಬೇಕ್ರಿ, ತಳಾ ಹಿಡೀಬಾರದು" ಎಂದು ನನಗೆ ತಿಳಿಸಿ ಹೇಳುತ್ತಿದ್ದ. "ತಳಕ್ಕೂ ಅಂಟಿತಂದ್ರ ಜಗ್ಗಾಕ ಬರೂದಿಲ್ಲ, ಹರೀತೈತಿ." ಅದಕ್ಕೇ ಸಂದಿನೊಳಗೆ ಮೊದಲು ಫೋಮಿನ ಹುರಿಯೊಂದನ್ನು ತುರುಕುತ್ತಿದ್ದ. ಆಮೇಲೆ ಎರಡೂ ಅಂಚಿಗೆ ಟೇಪು, ನಡುವೆ ಗನ್ನಿನಿಂದ ಸೀಲಂಟ್, ಸವರಿ ನುಣುಪು ಮಾಡಿ, ಮೇಲೆ ಕೆನೆಗಟ್ಟುವ ಮೊದಲೇ ಟೇಪು ಕೀಳುವುದು.

ಈ ಟೇಪಿನ ಕೆಲಸ ಶೀಲಾಳದು. ಶೀಲಾ ಅವರ ಒಬ್ಬಳೇ ಮಗಳು. ಬಿ.ಎ. ಮುಗಿಸಿ, ತಾಯಿಯ ಪಕ್ಕ ಒಂದಷ್ಟು ದಿನ ಖಣ ನೇಯ್ದು, ಒಂದು ದಿನ ಅಪ್ಪನ ಗಾಡಿಯ ಹಿಂದೆ ಕೂತು ಹೊರಟೇಬಿಟ್ಟಳು. ಖಣದ ಅಂಚು ಹಿಡಿದ ಕೈ, ಟೇಪು ಒಂದೆಳೆಯೂ ಅತ್ತಿತ್ತ ಆಗುತ್ತಿರಲಿಲ್ಲ. ಓಣಿಯ ಹಿರಿಯ ಅಮಾತೆಪ್ಪ ಸುಮ್ಮನಿರುವ ಪೈಕಿ ಅಲ್ಲ. "ಹೆಣ್ಣ ಹುಡುಗಿ ಗೋಡಿ ಏರೂದು ಎಲ್ಲೆರ ಐತೇನವಾ?" ಎಂದ. "ಅಜ್ಜಾ, ನಿಮ್ಮನಿ ಮಾಳಿಗಿ ಸೋರಾಕತ್ತೈತಂತಲ್ಲ, ಏರ್ಲೋ ಬ್ಯಾಡೋ ನೀವ ಹೇಳ್ರಿ" ಎಂದಳು ಶೀಲಾ. ಅಮಾತೆಪ್ಪ ಏಣಿ ತಾನೇ ತಂದು ಇಟ್ಟ.

ನಾಗಲಿಂಗನ ಕೈ ಚೆಂದ, ತಾಳ್ಮೆ ಕಡಿಮೆ. ಹೊಸ ಕಲ್ಲು ಕಂಡರೆ "ಚಲೋ ಕಂಪನಿದೈತಿ, ಹಚ್ಚಿ ಬಿಡೂನು" ಎನ್ನುವವನು. ಶೀಲಾ ಬಿಡುತ್ತಿರಲಿಲ್ಲ. "ಅಪ್ಪಾ, ಮೊದ್ಲ ಕಲ್ಲಿಗೆ ಕೇಳು" ಎನ್ನುತ್ತಿದ್ದಳು. ಕಟ್ಟಡದವರಿಂದ ಅದೇ ಕಲ್ಲಿನ ತುಂಡುಗಳನ್ನು ಬೇಡಿ ತಂದು, ಎರಡೆರಡನ್ನು ಸೀಲಂಟಿನಿಂದ ಜೋಡಿಸಿ, ತಮ್ಮ ಮಾಳಿಗೆಯ ಮೇಲೆ ಬಿಸಿಲು ಮಳೆಗೆ ಇಟ್ಟುಬಿಡುವಳು. ಗ್ರಾನೈಟಿಗೆ ಹೊಂದಿದ್ದು ಮರಳುಗಲ್ಲಿಗೆ ಹೊಂದುವುದಿಲ್ಲ. ಗಾಜಿಗೆ ಹೊಂದಿದ್ದಂತೂ ಯಾವ ಕಲ್ಲಿಗೆ ಏನು ಮಾಡೀತೋ ಹೇಳಲು ಬಾರದು. ತಿಂಗಳೊಪ್ಪತ್ತು ಬಿಟ್ಟು ನೋಡಿ, ಹೊಂದಿದ ಜೋಡಿಯನ್ನು ಕಟ್ಟೆಗೆ ಆನಿಸಿ ನಿಲ್ಲಿಸುವಳು. ಬಿಟ್ಟುಕೊಂಡಿದ್ದನ್ನೂ ಕಲೆಯಾದದ್ದನ್ನೂ ಬೋರಲು ಹಾಕುವಳು. ಬೋರಲು ಹಾಕಿದ್ದನ್ನು ಆ ಕಲ್ಲಿಗೆ ಹಚ್ಚೋಣ ಎಂದು ಅಪ್ಪ ಕೇಳುವ ಹಾಗಿಲ್ಲ, ಅದು ಅವರಿಬ್ಬರ ಕರಾರು. ಸಂಡಿಗೆ ಒಣಹಾಕಲು ಜಾಗ ಇಲ್ಲವೆಂದು ಸಂಗವ್ವ ಮಾತ್ರ ದಿನಾ ಬೈಯುವಳು.

ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಶೀಲಾಗೆ ಡೆಂಗಿ ಬಂತು. ಜ್ವರ ಇಳಿಯಿತು ಎಂದು ಎಲ್ಲರೂ ಉಸಿರು ಬಿಡುವ ಹೊತ್ತಿಗೆ ಹೊಟ್ಟೆಯೊಳಗೆ ರಕ್ತ ಒಸರತೊಡಗಿತು. ಬಾಗಲಕೋಟೆಯ ದವಾಖಾನೆಯಲ್ಲಿ ಬಾಯಿಂದ ಏನೂ ಕೊಡಬಾರದು ಎಂದಿದ್ದರು. ಅವಳು ನೀರು ಕೇಳಿದಳು. ಸಂಗವ್ವ ಕೊಡಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸಿ, "ನಾಳೆ ಮುಂಜಾನೆ ಕೊಡತೇನಿ ಮಗಳ" ಎಂದಳು. ಆ ನಾಳೆ ಶೀಲಾ ಇರಲಿಲ್ಲ. ವೈದ್ಯರು ಹೇಳಿದ್ದು ಸರಿಯೇ, ತಾಯಿ ಮಾಡಿದ್ದೂ ಸರಿಯೇ. ಸರಿಯಾದದ್ದನ್ನು ಮಾಡಿಯೂ ಜನ್ಮವಿಡೀ ಸುಡುವಂಥದ್ದೊಂದು ಇರುತ್ತದೆ ಎಂದು ನಾನು ಸಂಗವ್ವನನ್ನು ನೋಡಿ ತಿಳಿದೆ.

ರುದ್ರಭೂಮಿಗೆ ಒಯ್ದ ದಿನ ಮಳೆ ಬಿಡಲಿಲ್ಲ. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂಡಿಸುತ್ತೇವೆ. ಕುಣಿಗೆ ನೀರು ಇಳಿಯುತ್ತಲೇ ಇತ್ತು. ನಾಲ್ಕು ಮಂದಿ ಬಕೆಟ್ಟಿನಿಂದ ಎತ್ತಿ ಎತ್ತಿ ಚೆಲ್ಲಿದರು, ಅಷ್ಟರಲ್ಲಿ ಮತ್ತೆ ತುಂಬುವುದು. ಕೊನೆಗೆ ಒದ್ದೆ ಮಣ್ಣಿನ ಮೇಲೇ ವಿಭೂತಿ ಸುರಿದು ಕೂಡಿಸಿದರು. ಊರ ನೀರನ್ನೆಲ್ಲ ತಡೆದವನು ಮಗಳ ಕುಣಿಗೆ ಇಳಿಯುವ ನೀರನ್ನು ನೋಡುತ್ತ ಕೈಕಟ್ಟಿ ನಿಂತಿದ್ದ. ಆ ಮುಖ ನಾನು ಮರೆತಿಲ್ಲ.

ಬೇಸಿಗೆ ಬರುತ್ತಲೇ ಮಗಳ ಕುಣಿಯ ಮೇಲೆ ಗದ್ದುಗೆ ಕಟ್ಟಿಸುತ್ತೇನೆ ಎಂದ. "ಲಗ್ನ ಆಗದ ಹುಡುಗಿಗೆ ಯಾರ ಗದ್ದಿಗಿ ಕಟ್ಟಸ್ತಾರಪಾ? ಹಿರ್ಯಾರಿಗೆ ಕಟ್ಟಸೂದು" ಎಂದು ಅಮಾತೆಪ್ಪ ಹೇಳಿ ನೋಡಿದ. ನಾಗಲಿಂಗ ಕೇಳಲಿಲ್ಲ. ನಮ್ಮ ಕಡೆಯ ಕೆಂಪು ಮರಳುಗಲ್ಲಿನ ಹಲಗೆಗಳನ್ನು ತರಿಸಿ, ಮೇಲೊಂದು ಪುಟ್ಟ ಲಿಂಗ ಕೆತ್ತಿಸಿ, ಎದೆಮಟ್ಟದ ಗದ್ದುಗೆ ನಿಲ್ಲಿಸಿದ. ಹಲಗೆಗಳ ಸಂದುಗಳನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. "ಈ ಮಳಿಗಾಲಕ್ಕ ಆಕಿ ಮ್ಯಾಲ ಒಂದು ಹನಿ ಬೀಳಬಾರದ್ರಿ" ಎಂದ ನನಗೆ.

ಮುಂಗಾರು ಹತ್ತಿರದಲ್ಲಿತ್ತು. ಇಳಕಲ್ಲಿನ ಶೋರೂಮಿನ ಗಾಜಿಗೆ ಬಳಸಿ ಉಳಿದ ಕಪ್ಪು ಸಿಲಿಕಾನ್ ಸೀಲಂಟ್ ಮನೆಯಲ್ಲಿತ್ತು. ಅವನ ಕೈಯಲ್ಲಿ ಹಾದುಹೋದದ್ದರಲ್ಲೇ ಎಲ್ಲಕ್ಕಿಂತ ಬಾಳಿಕೆಯದು. ಮಗಳಿಗೆ ಅದಕ್ಕಿಂತ ಕಡಿಮೆಯದು ಹಾಕಲು ಯಾವ ತಂದೆಗೆ ಮನಸ್ಸಾಗುತ್ತದೆ? ಕಲ್ಲು ಉಜ್ಜಿದ, ಧೂಳು ಊದಿದ, ಹುರಿ ತುರುಕಿದ. ಎರಡೂ ಅಂಚಿಗೆ ತಾನೇ ಟೇಪು ಹಚ್ಚಿದ. ತಂಪು ಹೊತ್ತಿನಲ್ಲಿ ತುಂಬಿ, ಸವರಿ, ಟೇಪು ಕಿತ್ತ. ಗೆರೆ ಶೀಲಾ ಹಚ್ಚಿದಷ್ಟೇ ನೇರವಾಗಿ ಬಂತು. ಎಲ್ಲ ಪದ್ಧತಿ ಪ್ರಕಾರವೇ ನಡೆಯಿತು. ಮೊದಲು ಕಲ್ಲಿಗೆ ಕೇಳು ಎನ್ನುವವಳು ಒಬ್ಬಳು ಇರಲಿಲ್ಲ, ಅಷ್ಟೆ.

ಶ್ರಾವಣದ ಹೊತ್ತಿಗೆ ಪ್ರತಿ ಸಂದಿನ ಎರಡೂ ಬದಿ ಕಲ್ಲು ಕಪ್ಪಾಗತೊಡಗಿತು. ಒದ್ದೆಯಾದ ಹಾಗೆ ಒಂದು ಪಟ್ಟಿ. ಮಳೆಯ ತೇವ ಇರಬೇಕು ಎಂದುಕೊಂಡೆವು. ಮಳೆ ನಿಂತಿತು, ಬಿಸಿಲು ಬಂತು, ಕಲ್ಲು ಕಾದು ಕೆಂಡವಾಯಿತು, ಪಟ್ಟಿ ಹಾಗೇ ಅಗಲವಾಗುತ್ತ ಹೋಯಿತು. ಸಂಗವ್ವ ಸೋಮವಾರ ಹೂವು ವಿಭೂತಿ ಒಯ್ಯುವವಳು ಒಂದು ದಿನ ನಲ್ಲಿಯ ಹತ್ತಿರ ನನ್ನ ಕೈ ಹಿಡಿದು ಸಣ್ಣ ದನಿಯಲ್ಲಿ ಹೇಳಿದಳು.

"ಬಸವೇಶ್ವರಿ, ಶೀಲಾಗ ನೀರಡಿಸೈತಿ."

ನಾನು ನಲ್ಲಿ ತಿರುವಿ ನಿಲ್ಲಿಸಿದೆ.

"ಕಲ್ಲ ಒಳಗಿಂದ ಒದ್ದಿ ಆಗಾಕತ್ತೈತಿ, ಮುಟ್ಟಿದ್ರ ಒಣಾ. ಆಕಿ ತುಟಿನೂ ಹಂಗ ಇದ್ವು, ನಾ ಒರಸಿದಾಗ."

ಅಂದಿನಿಂದ ದಿನಾ ಮುಂಜಾನೆ ಒಂದು ಕೊಡ ನೀರು ಹೊತ್ತು ರುದ್ರಭೂಮಿಗೆ ನಡೆದಳು. ಮಗ್ಗಕ್ಕೆ ಕೂಡುವ ಮೊದಲು ಅದೇ ಕೆಲಸ. ಗದ್ದುಗೆಯ ನೆತ್ತಿಯಿಂದ ಸುರಿದು, ಖಾಲಿ ಕೊಡ ಕಂಕುಳಲ್ಲಿ ಇಟ್ಟುಕೊಂಡು, "ಕುಡಿದ್ಲು ಅನಸ್ತೈತಿ" ಎಂದು ನನಗೆ ಹೇಳಿ ಹೋಗುತ್ತಿದ್ದಳು. ಹುಚ್ಚು ಹಿಡಿದಿದೆ ಎಂದರು ಕೆಲವರು. ಹೇಳುವವರದೇನು ಹೋಗುತ್ತದೆ. ಮಗಳು ಹೋದ ಮೇಲೆ ಅವಳು ಹೊತ್ತಿಗೆ ಸರಿಯಾಗಿ ಎದ್ದು ಮುಖ ತೊಳೆಯತೊಡಗಿದ್ದು ಆ ಕೊಡ ಹೊತ್ತ ಮೇಲೆಯೇ.

ಅವಳು ಕೊಡ ಹೊತ್ತ ಮೊದಲ ದಿನವೇ ನಾಗಲಿಂಗನಿಗೆ ನಿಜ ತಿಳಿದಿತ್ತು. ಆ ಸಿಲಿಕಾನಿನೊಳಗಿನ ಎಣ್ಣೆ ಕಲ್ಲಿನ ಸಣ್ಣ ಸಣ್ಣ ರಂಧ್ರಕ್ಕೆ ಇಳಿದು ಕಲೆಯಾಗಿತ್ತು. ಸೀಲಂಟ್ ಕೊಯ್ದು ತೆಗೆದರೂ ಕಲೆ ಹೋಗದು. ಕಲ್ಲು ಬದಲಿಸಬೇಕೆಂದರೆ ಮುಚ್ಚಿದ ಗದ್ದುಗೆ ಕೆಡವಬೇಕು, ಅದಂತೂ ಆಗದ ಮಾತು. ಹೆಂಡತಿ ಎದುರು ಬಾಯಿ ಬಿಡಲಾರದೆ ಒಳಗೊಳಗೇ ಬೆಂದ. ಹೇಳಿಬಿಡಬಹುದಿತ್ತು ಎಂದು ಈಗ ನಾನು ಸುಲಭವಾಗಿ ಬರೆಯುತ್ತೇನೆ. ಊರಿಗೆಲ್ಲ ಸಂದು ಮುಚ್ಚಿ ಮಗಳ ಗದ್ದುಗೆ ಕೆಡಿಸಿದೆ ಎಂದು ಯಾವ ಬಾಯಿಂದ ಹೇಳಬೇಕು?

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನನ್ನು ಕರೆಯಲು ಅವನೇ ಬಂದ. "ಅಕ್ಕಾರ, ಬರ್ರಿ ಒಂದೀಟು" ಎಂದ. ಪಡಸಾಲೆಯಲ್ಲಿ ಮಗ್ಗ ನಿಂತಿತ್ತು. ಸಂಗವ್ವ ಅವನ ಕೆಲಸದ ಚಾಕು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ನೀನರೆ ಹೇಳ ಬಸವೇಶ್ವರಿ. ನಾ ಸುರದ ನೀರೆಲ್ಲಾ ಹರದು ಮಣ್ಣಿಗಿ ಹೋಗತೈತಿ. ಆಕಿಗೆ ಒಂದು ಹನಿನೂ ಮುಟ್ಟವಲ್ದು. ಇಂವಾ ಹಂಗ ಮುಚ್ಯಾನ. ಒಂದ ಕಡಿ ಕೊಯ್ದ ಬಿಡು ಅಂದ್ರ ಒಲ್ಲೆ ಅಂತಾನ. ನಾನ ಕೊಯ್ತೇನಿ."

ಒಂದು ಹನಿ ಬೀಳಬಾರದೆಂದು ಅಪ್ಪ ಮುಚ್ಚಿದ್ದ, ಒಂದು ಹನಿಯಾದರೂ ಬೀಳಲೆಂದು ಅವ್ವ ಚಾಕು ಹಿಡಿದಿದ್ದಳು.

ನಾಗಲಿಂಗ ಅವಳ ಮುಂದೆ ನೆಲಕ್ಕೆ ಕೂತ. "ಸಂಗವ್ವಾ, ಅದು ನೀರಡಿಕಿ ಅಲ್ಲ. ನಾ ತಪ್ಪು ಮಾಡೇನಿ. ಗಾಜಿಗೆ ಹಚ್ಚೂದನ್ನ ಮರಳಗಲ್ಲಿಗೆ ಹಚ್ಚೇನಿ. ಅದರಾಗಿನ ಎಣ್ಣಿ ಕಲ್ಲಿಗೆ ಇಳದೈತಿ, ಅಷ್ಟ."

ಅವಳು ಅವನ ಮುಖವನ್ನು ನೋಡಿ ತಲೆ ಅಲ್ಲಾಡಿಸಿದಳು. "ನನ್ನ ಸಮಾಧಾನಕ್ಕ ಹೇಳಬ್ಯಾಡ. ನೀ ಮಾಡಿದ ಕೆಲಸದಾಗ ಎಂದಾರ ಕಲೆ ಬಿದ್ದಾವೇನು?"

ಅವನು ಎದ್ದು ಮಾಳಿಗೆ ಏರಿದ, ಹಿಂದೆಯೇ ನಾನೂ. ಶೀಲಾ ಹೋದಾಗಿನಿಂದ ಅಲ್ಲಿಗೆ ಯಾರೂ ಕಾಲಿಟ್ಟಿರಲಿಲ್ಲ. ಜೋಡಿ ಕಲ್ಲುಗಳು ಅವಳು ಇಟ್ಟ ಹಾಗೇ ಇದ್ದವು, ಕೆಲವು ನಿಂತಿದ್ದವು, ಕೆಲವು ಬೋರಲು. ಕೆಂಪು ಕಲ್ಲಿನ ತುಂಡು ಹುಡುಕಿ, ಅದೇ ಸಿಲಿಕಾನ್ ಹಚ್ಚಿ, ಕಲೆ ಬರುವುದನ್ನು ಹೆಂಡತಿಗೆ ತೋರಿಸಬೇಕೆಂದು ಅವನ ಲೆಕ್ಕ. ಮೂಲೆಯಲ್ಲಿ ಬೋರಲು ಬಿದ್ದಿದ್ದ ಕೆಂಪು ಜೋಡಿಯೊಂದನ್ನು ಎತ್ತಿ ತಿರುವಿದ.

ನಡುವೆ ಅದೇ ಕಪ್ಪು ಸಿಲಿಕಾನು, ಎರಡೂ ಬದಿ ಅದೇ ಕಪ್ಪು ಪಟ್ಟಿ.

ಅವನು ಅಲ್ಲೇ ಕೂತ. ಕಲ್ಲನ್ನು ಎದೆಗೆ ಅವುಚಿಕೊಂಡ. "ಕೇಳಿಟ್ಟಿದ್ಲರಿ ಅಕ್ಕಾರ" ಎಂದ. "ನನ್ನ ಮಗಳು ಎಂದೋ ಕೇಳಿಟ್ಟಿದ್ಲು. ನಾನ ಮ್ಯಾಲ ಬಂದು ನೋಡಲಿಲ್ಲ."

ಮಾಳಿಗೆ ಏರಲು ಅವನಿಗೆ ಧೈರ್ಯ ಬಂದಿರಲಿಲ್ಲ ಎಂಬುದು ನನಗೆ ಗೊತ್ತು. ಏರಿದ್ದರೆ ಮೊದಲು ಕಾಣುವುದು ಅವಳು ಕೂತು ಕೆಲಸ ಮಾಡುತ್ತಿದ್ದ ಮಣೆ. ಅವನನ್ನು ಎಬ್ಬಿಸಿ ಕೆಳಗೆ ಕರೆತರಲು ಬಹಳ ಹೊತ್ತು ಹಿಡಿಯಿತು.

ಸಂಗವ್ವ ಕಲ್ಲನ್ನು ಕೈಗೆ ತೆಗೆದುಕೊಂಡಳು. ಬೆರಳಿನಿಂದ ಪಟ್ಟಿ ಮುಟ್ಟಿದಳು, ಒಣ. ಸೆರಗಿನಿಂದ ಉಜ್ಜಿದಳು. ಅದೇ ಕೊಡದಿಂದ ಬೊಗಸೆ ನೀರು ಹಾಕಿ ಅಂಗಳದ ಬಿಸಿಲಿಗೆ ಇಟ್ಟು ಕೂತಳು. ನೀರು ಆರಿತು, ಪಟ್ಟಿ ಉಳಿಯಿತು.

"ಇದನ್ನ ಶೀಲಾ ಮಾಡಿದ್ಲಾ?"

"ಹೂಂ" ಎಂದ ನಾಗಲಿಂಗ.

"ಹಂಗಾರ ಆಕಿಗೆ ನೀರಡಿಸಿಲ್ಲ."

"ಇಲ್ಲ ಸಂಗವ್ವಾ. ಇಲ್ಲ."

ನಾನು ಎಂಥ ದಡ್ಡಿ ನೋಡಿ, ಸದ್ಯ, ಈ ತಾಯಿಯ ಎದೆಯ ಭಾರ ಇಳಿಯಿತು ಎಂದುಕೊಂಡೆ. ನಾಗಲಿಂಗನೂ ಹಾಗೇ ಅಂದುಕೊಂಡಿರಬೇಕು, ಅವಳ ಪಕ್ಕದಲ್ಲಿದ್ದ ಚಾಕು ಮೆಲ್ಲಗೆ ತೆಗೆದುಕೊಂಡ. ಅವಳು ಕಲ್ಲನ್ನೇ ನೋಡುತ್ತಿದ್ದಳು.

"ಹಂಗಾರ" ಎಂದಳು, "ಆಕಿ ನನ್ನ ಏನೂ ಕೇಳಾಕತ್ತಿಲ್ಲ."

ಆಮೇಲೆ ಅಳತೊಡಗಿದಳು. ದವಾಖಾನೆಯಲ್ಲಿ, ರುದ್ರಭೂಮಿಯಲ್ಲಿ, ಎಲ್ಲೂ ಅವಳು ಹಾಗೆ ಅತ್ತಿದ್ದನ್ನು ನಾನು ನೋಡಿರಲಿಲ್ಲ. ನೀರು ಬೇಡುವ ಮಗಳು ಅವಳಿಗೆ ಅಲ್ಲಿಯವರೆಗೂ ಇದ್ದಳು. ನಾವು ಮೂವರೂ ಸೇರಿ ಅಂಗಳದ ಬಿಸಿಲಿನಲ್ಲಿ ಆ ಮಗಳನ್ನೂ ಕಳೆದೆವು.

ಮಾರನೆಯ ದಿನ ನಾಗಲಿಂಗ ತಾನೇ ಕೊಡ ತುಂಬಿ ತಂದು, "ನಡಿ, ಹೋಗಿ ಹಾಕಿ ಬರೂನು, ಕಲ್ಲಿನ ಮ್ಯಾಲಿನ ಧೂಳರೆ ಹೋಗತೈತಿ" ಎಂದು ಕರೆದ. ಸಂಗವ್ವ ಏಳಲಿಲ್ಲ. ಅವನು ಒಬ್ಬನೇ ಬೀದಿಯ ತಿರುವಿನವರೆಗೆ ಹೋಗಿ ತಿರುಗಿ ಬಂದ.

ಈಗ ಅವನು ಮತ್ತೆ ಕೆಲಸಕ್ಕೆ ಹೋಗುತ್ತಾನೆ. ಯಾವ ಕಲ್ಲಾದರೂ ಮೊದಲು ತುಂಡು ತಂದು ಮಾಳಿಗೆಯ ಮೇಲೆ ಇಡುತ್ತಾನೆ. ಅವಸರ ಮಾಡುವವರು ಬೇರೆಯವರನ್ನು ನೋಡಿಕೊಳ್ಳಲಿ ಎನ್ನುತ್ತಾನೆ. ಸಂಗವ್ವ ಸೋಮವಾರ ಹೂವು ಒಯ್ಯುತ್ತಾಳೆ, ಬೇಗ ಬರುತ್ತಾಳೆ. ಆ ಕೊಡದಲ್ಲಿ ಮನೆಗೂ ನೀರು ತರುವುದಿಲ್ಲ. ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಅದನ್ನು ಬೋರಲು ಹಾಕಿದ್ದಾಳೆ, ಓಣಿಯಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ.