ರಾಶಿಯ ಮುಂದೆ ಬೇಡ ಅಂದವಳು

ಅವಳನ್ನು ಊರೆಲ್ಲ ದೊರಸಾನಿ ಅನ್ನುತ್ತಿತ್ತು. ನಾನು ಅನ್ನಲಿಲ್ಲ. ನನ್ನ ನೌಕರಿಯ ಮೇಲೆ ಬಂದು ಕುಂತವಳನ್ನು ನಾನು ಯಾಕೆ ದೊರಸಾನಿ ಅನ್ನಬೇಕು?

ಎಪ್ಪತ್ತರ ದಶಕದ ನಡುಭಾಗ. ಕುಂದಗೋಳ ತಾಲೂಕಿನ ನಮ್ಮೂರಿನಲ್ಲಿ ಪದವಿ ಪಡೆದ ಮೊದಲ ಹೆಣ್ಣು ನಾನು. ನಮ್ಮ ಮನೆತನದಲ್ಲಂತೂ ಗಂಡಸರನ್ನು ಹಿಡಿದು ಲೆಕ್ಕ ಹಾಕಿದರೂ ನಾನೇ ಮೊದಲು. ಅಪ್ಪನದು ಹೆಬ್ಬೆಟ್ಟಿನ ಸಹಿ. ಧಾರವಾಡದಲ್ಲಿ ದೂರದ ಬಳಗದವರ ಮನೆಯಲ್ಲಿದ್ದು, ಅವರ ಭಾಂಡೆ ತಿಕ್ಕಿ, ಅವರ ಕೂಸುಗಳ ಕುಂಡಿ ತೊಳೆದು, ಇಂಗ್ಲಿಷ್ ವಿಷಯ ತೆಗೆದುಕೊಂಡು ಬಿ.ಎ. ಮುಗಿಸಿದೆ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಊರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಜಾಗ ಖಾಲಿಯಿತ್ತು. ಸಂಸ್ಥೆಯ ಚೇರಮನ್ ಆಗಿದ್ದ ಗೌಡರು ಅಪ್ಪನಿಗೆ ಮಾತು ಕೊಟ್ಟಿದ್ದರು: "ನಿನ್ನ ಮಗಳು ಪಾಸಾಗಿ ಬರ್ಲಿ, ಆ ಕುರ್ಚಿ ಆಕೀದ." ಪಾಸಾಗಿ ಬಂದೆ. ಕುರ್ಚಿಯಲ್ಲಿ ಆಗಲೇ ಅವಳಿದ್ದಳು.

ಹೊರದೇಶದ ಹುಡುಗಿ, ಹೆಚ್ಚುಕಡಿಮೆ ನನ್ನದೇ ವಯಸ್ಸು. ಯಾವುದೋ ಕ್ರೈಸ್ತ ಮಿಷನ್ನಿನವರು ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಸೇವೆಗೆಂದು ಕಳಿಸಿದ್ದರು. ಪಗಾರ ಬೇಡ ಅಂದಿದ್ದಳು. ಗೌಡರಿಗೆ ಇನ್ನೇನು ಬೇಕು? ಬಿಟ್ಟಿ ದುಡಿಮೆ, ಮೇಲೆ ಬಿಳಿ ಚರ್ಮ. ಸಂಶಿ ಸಂತೆಯಲ್ಲಿ ನಿಂತು "ನಮ್ಮ ಸಾಲ್ಯಾಗ ದೊರಸಾನಿ ಕಲಸ್ತಾಳ" ಎಂದು ಮೀಸೆ ತೀಡುತ್ತಿದ್ದರು.

"ಮಾತ ಕೊಟ್ಟಿದ್ರಿ ಗೌಡ್ರ," ಅಂದೆ.

"ಕೊಟ್ಟೇನಿ, ಇಲ್ಲಂದೇನು? ಆಕಿ ಬಿಟ್ಟಿ ಕಲಸ್ತಾಳ, ನಿನಗ ಪಗಾರ ಕೊಡಬೇಕು. ಬಿ.ಎ. ಕಲಿತಾಕಿ, ನೀನ ಹೇಳು, ನಾ ಏನ ಮಾಡ್ಲಿ? ಆಕಿ ಹ್ವಾದ ಮ್ಯಾಲೆ ನೋಡೂಣು. ಅಲ್ಲೀತನಕಾ ಬಾಜೂಕ ನಿಂತು ಆಕಿ ಅಂದದ್ದನ್ನ ಹುಡುಗ್ರಿಗೆ ಕನ್ನಡದಾಗ ಹೇಳು. ಅದಕ್ಕೂ ಪುಣ್ಯಾ ಬರ್ತೈತಿ."

ಪುಣ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ತಿನ್ನಲು ಬರುವುದಿಲ್ಲ. ಆದರೂ ನಿಂತೆ. ಕಣ್ಣ ಮುಂದೆ ಇರದಿದ್ದರೆ ದೊಡ್ಡವರಿಗೆ ಕೊಟ್ಟ ಮಾತು ಮರೆತುಹೋಗುತ್ತದೆ.

ಅವಳು ಕಲಿಸುತ್ತಿದ್ದುದು ಹಾಡು. ಚಪ್ಪಾಳೆ ಹೊಡೆಸಿ, ಕುಣಿಸಿ, ತನ್ನ ದೇವರ ಹಾಡು. ಊರವರು ಅದರ ತಂಟೆಗೆ ಹೋಗಲಿಲ್ಲ. ಆಕಿ ದೇವರು ಆಕಿಗೆ ಅಂದು ಸುಮ್ಮನಿದ್ದರು. ಎಸ್.ಎಸ್.ಎಲ್.ಸಿ. ಹುಡುಗರಿಗೆ ಅರ್ಜಿಯ ನಾಲ್ಕು ಸಾಲು ಬರೆಯಲು ಬರುತ್ತಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ಈ ಊರಿನ ಹೆಣ್ಣುಮಕ್ಕಳಿಗೆ ಓದಿನ ಬೆಳಕು ತೋರಿಸಲು ದೇವರು ತನ್ನನ್ನು ಕಳಿಸಿದ್ದಾನೆ ಎಂದು ಅವಳು ನನಗೇ ಹೇಳಿದಳು. ಇಂಗ್ಲಿಷಿನಲ್ಲಿ ಹೇಳಿದಳು, ನಾನು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟೆ. ಆದರೂ ಅವಳಿಗೆ ಏನೂ ಹೊಳೆಯಲಿಲ್ಲ.

ನೀರು ತರಲು ಹೋದರೆ ಭಾವಿಕಟ್ಟೆಯ ಮೇಲಿನ ಹೆಂಗಸರು ಬಿಡುತ್ತಿರಲಿಲ್ಲ. "ಏನವಾ ಬಿ.ಎ., ದೊರಸಾನಿ ನೆಳ್ಳ ಇವತ್ತ ಯಾ ಕಡೆ ಬಿದ್ದೈತಿ?" ಎಂದು ಒಬ್ಬಾಕೆ. "ನೆಳ್ಳ ಅಲ್ಲ ಬಿಡಬೇ, ಬಾಲ," ಎಂದು ಇನ್ನೊಬ್ಬಾಕೆ. ಅಪ್ಪ ಮಾತ್ರ ದಿನಾ ಸಂಜೆ ಒಂದೇ ಮಾತು ಕೇಳುತ್ತಿದ್ದ: "ಗೌಡ್ರು ಏನರ ಅಂದ್ರೇನ?" ಅದಕ್ಕೆ ಉತ್ತರ ಕೊಡುವುದು ಭಾವಿಕಟ್ಟೆಗಿಂತ ಕಷ್ಟವಾಗಿತ್ತು.

ಸುಗ್ಗಿ ಬಂತು. ಗೌಡರ ಕಣದಲ್ಲಿ ಜೋಳದ ರಾಶಿ ಬಿತ್ತು. ದೊರಸಾನಿಗೆ ರಾಶಿ ತೋರಿಸಬೇಕು ಎಂದು ಗೌಡರು ಹೇಳಿ ಕಳಿಸಿದರು. ಅವಳ ಮಾತನ್ನು ಕನ್ನಡಕ್ಕೆ ತಿರುಗಿಸಲು ನಾನು. ನಾವು ಹೋಗುವ ಹೊತ್ತಿಗೆ ಪೂಜೆ ಮುಗಿದಿತ್ತು. ಗೌಡರ ತಾಯಿ, ಊರೆಲ್ಲ ಆಯಿ ಅನ್ನುವ ಮುದುಕಿ, ಮೊರದ ತುಂಬ ಜೋಳ ತುಂಬಿಕೊಂಡು ಅವಳ ಮುಂದೆ ಬಂದು ನಿಂತಳು. "ಉಡಿ ಒಡ್ಡಾಕ ಹೇಳು," ಅಂದಳು ನನಗೆ.

ರಾಶಿಯ ಹತ್ತಿರ ಬಂದವರನ್ನು ನಮ್ಮಲ್ಲಿ ಬರಿಗೈಯಲ್ಲಿ ಕಳಿಸುವುದಿಲ್ಲ. ಬಂದವರೂ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಮುಂದಿನ ವರ್ಷದ ಬೆಳೆಗೇ ಬೇಡ ಅಂದ ಹಾಗೆ.

ಅವಳು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಕ್ಕಳು. ತಾನು ಸೇವೆಗೆ ಬಂದವಳು, ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ ಅಂದಳು. ಅಷ್ಟಕ್ಕೇ ಬಿಡದೆ ನನ್ನ ಹೆಗಲ ಮೇಲೆ ಕೈಯಿಟ್ಟು, ಈ ಬಡ ಹುಡುಗಿಗೆ ಕೊಡಿ, ಇವಳಿಗೆ ಹೆಚ್ಚು ಅಗತ್ಯವಿದೆ ಅಂದಳು.

"ಏನಂತಾಳ ಬೇ?" ಆಯಿ ಕೇಳಿದಳು.

ಆಕೆಗೆ ಹರಕೆಯಿದೆಯಂತೆ, ಉಗಾದಿಯವರೆಗೆ ಏನೂ ಮುಟ್ಟುವುದಿಲ್ಲವಂತೆ ಎಂದು ನಾನು ಹೇಳಬಹುದಿತ್ತು. ಹರಕೆ ಅಂದರೆ ಆಯಿ ಕೈ ಮುಗಿದು ಸುಮ್ಮನಾಗುತ್ತಿದ್ದಳು. ಹೇಳಲಿಲ್ಲ. ಇವತ್ತಿಗೂ ಆ ಬಗ್ಗೆ ನನಗೆ ಕಿಂಚಿತ್ತೂ ಕಳವಳವಿಲ್ಲ. ಅಂದದ್ದನ್ನು ಅಂದ ಹಾಗೆ ತಿರುಗಿಸಿ ಹೇಳು ಎಂದು ಗೌಡರೇ ನನ್ನನ್ನು ನಿಲ್ಲಿಸಿದ್ದರು.

"ಬ್ಯಾಡಂತಾಳ್ರಿ ಆಯಿ. ಸೇವಾ ಮಾಡಾಕ ಬಂದೇನಿ, ನಿಮ್ಮ ಕಾಳು ನನಗ ಬ್ಯಾಡ, ಈ ಬಡವಿಗೆ ಹಾಕ್ರಿ ಅಂತಾಳ್ರಿ."

ಕಣದಲ್ಲಿದ್ದ ಆಳುಗಳು ಚೀಲ ತುಂಬುವುದನ್ನು ನಿಲ್ಲಿಸಿದರು. ಆಯಿಯ ಮುಖ ಕಪ್ಪಿಟ್ಟಿತು.

"ಯವ್ವಾ, ಆಕಿಗೇನ ಗೊತ್ತು ನಮ್ಮ ಪದ್ಧತಿ? ಬಿಡಬೇ," ಗೌಡರು ನಡುವೆ ಬಂದರು.

"ರಾಶಿ ಮುಂದ ಬ್ಯಾಡ ಅಂದ್ಲಲ್ಲೋ! ಇಷ್ಟೂ ಗೊತ್ತಿಲ್ಲದಾಕಿ ಹುಡುಗ್ರಿಗೆ ಏನ ಕಲಸ್ತಾಳ? ತಗೊಳ್ಳಾಕ ಬರದಾಕಿ ನನ್ನ ಗಂಡ ಕಟ್ಟಿಸಿದ ಸಾಲ್ಯಾಗ ಬ್ಯಾಡ." ಆಯಿ ನನ್ನ ಕಡೆ ತಿರುಗಿದಳು. "ನೀ ಬಾ. ಉಡಿ ಒಡ್ಡು."

"ಭಿಕ್ಷಾ ಅಂತ ಹಾಕಬ್ಯಾಡ್ರಿ ಆಯಿ. ದುಡದದ್ದು ಅಂತ ಹಾಕ್ರಿ, ಒಡ್ಡತೇನಿ."

"ಅಬಬಾ, ಬಾಯಿ ನೋಡು ಈಕಿದು! ಏನ ದುಡದೀ?"

"ಗೌಡ್ರು ಆ ಕುರ್ಚಿ ನಂದು ಅಂತ ಅಪ್ಪಗ ಮಾತ ಕೊಟ್ಟಾರ್ರಿ. ಆ ಮಾತಿನ ಮ್ಯಾಲೆ ಇಷ್ಟ ದಿನಾ ಬಿಟ್ಟಿ ನಿಂತೇನಿ. ರಾಶಿ ಮುಂದ ಅದಾರ, ನೀವ ಕೇಳ್ರಿ."

ರಾಶಿಯ ಮುಂದೆ ಸುಳ್ಳು ಆಡುವಷ್ಟು ಧೈರ್ಯ ಗೌಡರಿಗಿರಲಿಲ್ಲ. ನೆಲ ನೋಡುತ್ತ, "ಕೊಟ್ಟಿದ್ದು ಖರೇ," ಅಂದರು.

"ಹಂಗಾರ ನಾಳಿಂದ ಈಕಿ ಕುಂಡ್ರಲಿ," ಅಂದಳು ಆಯಿ.

ಆಗ ಉಡಿ ಒಡ್ಡಿದೆ. ನನ್ನ ಬಿ.ಎ. ಯಾರ ಕಣ್ಣಿಗೂ ಬೀಳಲಿಲ್ಲ, ಮುದುಕಿಯ ಸಿಟ್ಟಿಗೆ ನೌಕರಿ ಸಿಕ್ಕಿತು. ಸಿಕ್ಕಿದ್ದನ್ನು ನಾನು ಬೇಡ ಅನ್ನುವವಳಲ್ಲ.

ಜೋಳ ಬೀಳುವಾಗ ಅವಳು ಕಣ್ಣು ಮುಚ್ಚಿ ಏನೋ ಪ್ರಾರ್ಥನೆ ಮಾಡಿದಳು. ತಾನು ಕೊಡಿಸಿದ್ದು ಎಂದು ತಿಳಿದಿರಬೇಕು. ಊರಿಗೆ ಮರಳುವ ಎರೆಮಣ್ಣಿನ ದಾರಿಯಲ್ಲಿ, ಅವರೆಲ್ಲ ಏನು ಮಾತಾಡಿದರು ಎಂದು ಸಂತೋಷದಿಂದಲೇ ಕೇಳಿದಳು.

ನಾಳೆಯಿಂದ ತರಗತಿ ನನ್ನದು, ನೀನು ಬರಬೇಕಾಗಿಲ್ಲ ಅಂದೆ.

ಅವಳು ನಿಂತುಬಿಟ್ಟಳು. ತಾನು ಮಾಡಿದ ತಪ್ಪೇನು ಎಂದು ಕೇಳಿದಳು.

"ನೀನು ನನ್ನನ್ನು ಬಡವಿ ಅಂದೆ."

"ಅದು ನಿಜವಲ್ಲವೇ?"

"ನಿಜ," ಅಂದೆ. "ಅದಕ್ಕೇ ನನಗೆ ಆ ನೌಕರಿ ಬೇಕಾಗಿತ್ತು."