ಟವೆಲ್ಲಿನ ಕೆಳಗೆ ಬರಿಯ ಅಂಗೈ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲತೀಫ್ ಸಾಬರಷ್ಟು ಅನುಮಾನದ ಮನುಷ್ಯ ಇನ್ನೊಬ್ಬರಿಲ್ಲ. ಬಸ್ಸಿನ ಬೋರ್ಡು ಓದಿಕೊಂಡೇ ಹತ್ತಿದರೂ ಪಕ್ಕದವನನ್ನು ಕೇಳುತ್ತಾರೆ. ಅವನು ಹೌದೆಂದರೆ ಕಂಡಕ್ಟರನ್ನು ಕೇಳುತ್ತಾರೆ. ಮಗಳು ಮಿಸ್ಬಾಳ ಮದುವೆಯಲ್ಲಿ ಬೀಗರು ಊಟ ಚೆನ್ನಾಗಿತ್ತು ಎಂದದ್ದಕ್ಕೆ, ಹಾಗಾದರೆ ಇನ್ನೇನು ಚೆನ್ನಾಗಿರಲಿಲ್ಲವೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಹೆಂಡತಿ ಬಷೀರಾ ಇದನ್ನೆಲ್ಲ ಕಂಡು ನಕ್ಕು ಸುಮ್ಮನಾಗುವುದನ್ನು ಎಂದೋ ಕಲಿತಿದ್ದಳು.

ಅವರ ಕಸುಬಿಗೆ ಆ ಗುಣ ಬೇಕೇ ಬೇಕು. ಮರ ಹೂ ಬಿಟ್ಟಾಗಲೇ ಇಡೀ ತೋಟದ ಫಸಲಿಗೆ ಬೆಲೆ ಕಟ್ಟಿ, ಮುಂಗಡ ಕೊಟ್ಟು ಹಿಡಿಯುವ ವ್ಯಾಪಾರ ಅದು. ಹೂ ಕಾಯಾದರೆ ವರ್ಷವಿಡೀ ನೆಮ್ಮದಿ, ಉದುರಿದರೆ ಕೈಗೆ ಚಿಪ್ಪು. ಕೊಟ್ಟ ಮುಂಗಡವನ್ನು ಯಾವ ತೋಟದವನೂ ಹಿಂದಕ್ಕೆ ಕೊಡುವುದಿಲ್ಲ. ಈ ವ್ಯಾಪಾರದಲ್ಲಿ ಹೊಸಬರ ಜೊತೆ ಮಾತ್ರ ಬಾಯಲ್ಲಿ ಮಾತು. ನಂಬಿಕೆಯವರ ನಡುವೆ ಎಲ್ಲವೂ ಟವೆಲ್ಲಿನ ಕೆಳಗೆ. ಇಬ್ಬರ ಕೈಮೇಲೂ ಒಂದು ಟವೆಲ್ ಹೊದಿಸಿಕೊಂಡು, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಬೆರಳು ಹಿಡಿಯದೆ ಬರಿಯ ಅಂಗೈ ಒತ್ತಿದರೆ, ಈ ಮಾಲಿಗೆ ಕೈ ಹಾಕಬೇಡ ಎಂದರ್ಥ. ಅಲ್ಲಿ ಯಾರೂ ಸುಳ್ಳಾಡುವುದಿಲ್ಲ. ಲತೀಫ್ ಸಾಬರು ಇಡೀ ಪ್ರಪಂಚದಲ್ಲಿ ಅನುಮಾನ ಪಡದೆ ಇದ್ದ ಜಾಗ ಅದೊಂದೇ.

ಜನವರಿಯ ಒಂದು ಶುಕ್ರವಾರ, ಮಂಡಿಯೆದುರಿನ ಟೀ ಅಂಗಡಿಯಲ್ಲಿ ಆ ಒಂದು ಜಾಗವೂ ಕೆಟ್ಟಿತು. ಕೆಡಿಸಿದವನು ಆಂಜಿನಪ್ಪ. ಅವನೂ ತೋಟ ಹಿಡಿಯುವವನೇ. ಮೀಸೆ ಮೂಡುವ ಮೊದಲಿನಿಂದ ಇಬ್ಬರೂ ಒಂದೇ ಲಾರಿಗೆ ಹಣ್ಣು ತುಂಬಿದವರು. ಆ ದಿನ ಲತೀಫ್ ಸಾಬರು ಯಲ್ದೂರಿನ ಗಂಗುಲಪ್ಪನ ತೋಟದ ಗುಂಗಿನಲ್ಲಿದ್ದರು. ರಸ್ತೆಯಿಂದಲೇ ನೋಡಿದ್ದರು, ಎಲೆ ಕಾಣದಷ್ಟು ಹೂವು. ಈ ವರ್ಷದ ಬಂಡವಾಳವನ್ನೆಲ್ಲ ಅದರ ಮೇಲೇ ಹಾಕುವುದೆಂದು ತೀರ್ಮಾನಿಸಿ, ಸೋಮವಾರ ಒಳಗೆ ಹೋಗಿ ನೋಡಿ ಮುಂಗಡ ಕೊಡುವವರಿದ್ದರು. ಅದನ್ನು ಹೇಳಿದ್ದೇ ತಡ, ಆಂಜಿನಪ್ಪ ಹೆಗಲ ಟವೆಲ್ ತೆಗೆದು ಇಬ್ಬರ ಕೈಮೇಲೂ ಎಳೆದ. ಬರಿಯ ಅಂಗೈ ಒತ್ತಿದ.

"ಯಾಕೋ?"

"ಬೇಡ ಅಂದ್ರೆ ಬೇಡ ಕಣೋ. ಬಾಯ್ಬಿಟ್ಟು ಕೇಳ್ಬೇಡ."

ಲತೀಫ್ ಸಾಬರು ಕೈ ಎಳೆದುಕೊಂಡರು. ಆಂಜಿನಪ್ಪನ ಸೊಸೆ ಮೇಘನಳಿಗೆ ಆ ಗಂಗುಲಪ್ಪ ಸ್ವಂತ ಚಿಕ್ಕಪ್ಪ. ಹಾಗಾದರೆ ತೋಟ ಮನೆಯವರಿಗೇ ಆಗಲಿ ಎಂದು ನನ್ನನ್ನು ಓಡಿಸುತ್ತಿದ್ದಾನೆಯೇ? ಅವರು ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಆಂಜಿನಪ್ಪ, "ಲೇ ಲತೀಫ, ನಾಳೆ ನಾಳಿದ್ದು ಹಾರ್ಸ್ಲಿ ಹಿಲ್ಸ್‌ಗೆ ಹೋಗ್ಬರೋಣ. ನನ್ ಕಾರಲ್ಲೇ. ಖರ್ಚೆಲ್ಲ ನಂದು" ಎಂದ. ಕೋಲಾರದಲ್ಲಿ ಒಂದು ದೋಸೆ ಕೊಡಿಸಲು ಹಿಂದೆ ಮುಂದೆ ನೋಡುವ ಮನುಷ್ಯ! ಅನುಮಾನ ಅಲ್ಲಿಗೆ ಖಾತ್ರಿಯಾಯಿತು.

"ದೋಸ್ತು ಕರೆದ್ರೆ ಹೋಗಿ ಬನ್ನಿ ಜೀ," ಎಂದಳು ಬಷೀರಾ. "ಯಾಕೆ ಕರೆದ ಅಂತ ಪೊಲೀಸರ ಥರ ಕೇಳ್ತಾ ಕೂರ್ಬೇಡಿ."

"ಹೋಗ್ತೀನಿ. ಅವನನ್ನ ಕಣ್ಣ ಮುಂದೆ ಇಟ್ಕೊಳ್ಳೋಕೆ ಹೋಗ್ತೀನಿ."

ಶನಿವಾರ ಬೆಳಿಗ್ಗೆ ರಾಯಲ್ಪಾಡು ದಾಟಿ ಮದನಪಲ್ಲಿ ಕಡೆಗೆ ಹೊರಟರು. ದಾರಿಯುದ್ದಕ್ಕೂ ಮಾವಿನ ಹೂವಿನ ವಾಸನೆ. ಮದನಪಲ್ಲಿಯಲ್ಲಿ ಆಂಜಿನಪ್ಪ ಇಡ್ಲಿ ಕೊಡಿಸಿದ, ಸಾಲದೆಂದು ವಡೆ ತರಿಸಿದ. ಬೆಟ್ಟದ ತಿರುವುಗಳಲ್ಲಿ ಗಾಳಿ ತಣ್ಣಗಾದಾಗ ತನ್ನ ಸ್ವೆಟರ್ ಬಿಚ್ಚಿ ಕೊಟ್ಟ. ಕೊಟ್ಟ ಒಂದೊಂದು ವಸ್ತುವೂ ಲತೀಫ್ ಸಾಬರಿಗೆ ಲಂಚದ ಹಾಗೇ ಕಂಡಿತು. ವಡೆ ಮಾತ್ರ ಚೆನ್ನಾಗಿತ್ತು, ಅದಕ್ಕೂ ಕೋಪ ಬಂತು.

ಬೆಟ್ಟದ ಮೇಲೆ ರೂಮು ಹಿಡಿದು ಕೈಕಾಲು ತೊಳೆಯುವಷ್ಟರಲ್ಲಿ ಆಂಜಿನಪ್ಪ ಕಾಣಲಿಲ್ಲ. ಸಾಬರು ಬಚ್ಚಲ ಕಿಟಕಿಗೆ ಕಿವಿ ಕೊಟ್ಟರು. ಹಿಂದುಗಡೆ ನೀಲಗಿರಿ ಮರದ ಕೆಳಗೆ ಅವನು ಮಗ ವೆಂಕಟ್ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ.

"ವಚ್ಚಿನಾರಾ, ಬಂದ್ರಾ ಆ ಚಿತ್ತೂರು ಪಾರ್ಟಿ? ನಾಳೆಗೆ ಮುಗಿಸ್ಕೊಳ್ಲಿ ಹೇಳು. ಲತೀಫ ನನ್ನ ಹತ್ರಾನೇ ಇದಾನೆ. ಅಲ್ಲೀತಂಕ ಬಿಡಲ್ಲ."

ಸಾಬರ ಕಿವಿ ಕಾದು ಹೋಯಿತು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವನು, ಈಗ ತೋಟವನ್ನು ಚಿತ್ತೂರಿನವರಿಗೆ ದಾಟಿಸುತ್ತಿದ್ದಾನೆ! ಅಳು ಬರುವ ಹಾಗಾಯಿತು, ಆದರೆ ಅಳುವುದಕ್ಕೆ ಹೊತ್ತಿರಲಿಲ್ಲ. ಬಚ್ಚಲ ನಲ್ಲಿ ಜೋರಾಗಿ ಬಿಟ್ಟು, ಬಷೀರಾಗೆ ಫೋನು ಮಾಡಿದರು.

"ಬೀರುವಿನಲ್ಲಿರೋ ದುಡ್ಡೆಲ್ಲ ಮಗನ ಕೈಗೆ ಕೊಟ್ಟು ಈಗ್ಲೇ ಯಲ್ದೂರಿಗೆ ಕಳಿಸು. ಗಂಗುಲಪ್ಪ ಕೇಳಿದಷ್ಟಕ್ಕೆ ಮಾತು ಮುಗಿಸ್ಕೊಂಡು ಬರ್ಲಿ."

"ತೋಟದೊಳಗೆ ಕಾಲಿಡದೆ ನೀವು ಯಾವತ್ತು ಮುಂಗಡ ಕೊಟ್ಟಿದೀರಿ ಜೀ? ಆಂಜಿನಪ್ಪ ಅಣ್ಣನ್ನ ಒಂದು ಮಾತು ಕೇಳಿ."

"ಅವನಿಗೆ ಗೊತ್ತಾಗ್ಬಾರ್ದು ಅಂತಲೇ ಬಚ್ಚಲಲ್ಲಿ ನಿಂತಿದೀನಿ!"

ಮಾವಿನ ಎಲೆಯನ್ನು ಮಗುಚಿ ನೋಡದೆ ಬೆಲೆ ಹೇಳಿದವರಲ್ಲ ಅವರು. ಆದರೆ ಆ ದಿನ ಇದ್ದಬದ್ದ ಅನುಮಾನವೆಲ್ಲ ಗೆಳೆಯನ ಮೇಲೇ ಖರ್ಚಾಗಿ, ತೋಟದ ಪಾಲಿಗೆ ಏನೂ ಉಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಮಗ ತನ್ವೀರ್ ಫೋನು ಮಾಡಿದ. ದುಡ್ಡು ಕೊಟ್ಟಾಯಿತು, ಗಂಗುಲಪ್ಪ ಎರಡು ಮಾತಿಲ್ಲದೆ ಒಪ್ಪಿ ಕಾಫಿ ಕೊಟ್ಟ ಎಂದ.

ಹೊತ್ತು ಮುಳುಗುವುದನ್ನು ನೋಡಲು ಇಬ್ಬರೂ ಬಂಡೆಯ ಮೇಲೆ ನಿಂತಿದ್ದರು. ಕೆಳಗೆ ಆಂಧ್ರದ ಹೊಲಗಳು, ಕೆರೆಗಳು. ಲತೀಫ್ ಸಾಬರಿಗೆ ಇನ್ನು ತಡೆಯಲಾಗಲಿಲ್ಲ.

"ನಿನ್ ಚಿತ್ತೂರು ಪಾರ್ಟಿಗೆ ಬರಬೇಡಿ ಅಂತ ಹೇಳು. ಗಂಗುಲಪ್ಪನ ತೋಟ ನಂದಾಯ್ತು. ತನ್ವೀರ್ ಹೋಗಿ ಕೊಟ್ಟು ಬಂದ."

ಆಂಜಿನಪ್ಪ ಬಯ್ಯಲಿಲ್ಲ. ಬಂಡೆಯ ಮೇಲೆ ಕೂತ.

"ಎಲ್ಲಾನೂ ಕೊಟ್ಟೆಯಾ?"

"ಎಲ್ಲಾನೂ."

"ಎರಡು ವರ್ಷದಿಂದ ಮರದ ಬುಡಕ್ಕೆ ಮದ್ದು ಹೊಯ್ದು ಹೂ ಬಿಡಿಸ್ತಾವ್ನೆ ಕಣೋ ಅವನು. ಹೂ ತುಂಬುತ್ತೆ, ಕಾಯಿ ಕಚ್ಚಲ್ಲ. ಹೋದ ಸಲಾನೂ ಹಂಗೇ ಆಗಿ, ಹಿಡಿದ ಬೇರೆ ಊರಿನವರು ಮುಳುಗಿದ್ರು. ಹಬ್ಬಕ್ಕೆ ಹೋದಾಗ ಮೇಘನ ನೋಡ್ಕೊಂಡು ಬಂದು ನನಗಂದ್ಲು. ಸೊಸೆ ತವರಿನ ಮಾತು, ಬಾಯಲ್ಲಿ ಹೆಂಗ್ ಹೇಳಲಿ? ಚಿತ್ತೂರಿನವರು ದೊಡ್ಡ ಕುಳ, ಒಂದು ತೋಟ ಹೋದ್ರೆ ತಡ್ಕೋತಾರೆ. ಅವರು ಹಿಡಿಯೋತನಕ ನಿನ್ನ ಊರಾಚೆ ಇಟ್ಕೊಂಡ್ರೆ ಸಾಕು ಅಂದ್ಕೊಂಡೆ."

ಸಾಬರು ಅವನ ಮುಖವನ್ನು ಎಲೆ ಮಗುಚಿ ನೋಡುವ ಹಾಗೆ ನೋಡಿದರು. ಹುಳುಕು ಎಲ್ಲೂ ಸಿಗಲಿಲ್ಲ. ಗಂಗುಲಪ್ಪನಿಗೆ ಫೋನು ಹಚ್ಚಿದರು. ಅದು ಬಡಿದುಕೊಂಡು ಬಡಿದುಕೊಂಡು ನಿಂತಿತು.

"ನನಗಾದ್ರೂ ಹೇಳ್ಬಹುದಿತ್ತಲ್ಲೋ," ಎಂದರು.

"ಹೇಳಿದ್ನಲ್ಲ. ಟವೆಲ್ಲಲ್ಲಿ."

ತಪ್ಪಾಯಿತು ಎನ್ನಬೇಕಿತ್ತು, ಅದನ್ನು ಬಾಯಲ್ಲಿ ಆಡಿ ಲತೀಫ್ ಸಾಬರಿಗೆ ಅಭ್ಯಾಸವೇ ಇಲ್ಲ. ಬೆಟ್ಟದಲ್ಲಿ ಉಳಿಯುವ ಮನಸ್ಸು ಇಬ್ಬರಿಗೂ ಇರಲಿಲ್ಲ. ರೂಮು ಖಾಲಿ ಮಾಡಿ ಕಾರು ಹತ್ತಿದರು. ಆಂಜಿನಪ್ಪ ಚಾವಿ ತಿರುಗಿಸುವ ಮೊದಲು ಸಾಬರು ತಮ್ಮ ಹೆಗಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡು, ಕೈಯನ್ನು ಅವನ ಕಡೆಗೆ ಚಾಚಿದರು.

ಆಂಜಿನಪ್ಪ ಆ ಟವೆಲ್ಲನ್ನು ನೋಡಿದ. ಕೈ ಸ್ಟೇರಿಂಗಿನ ಮೇಲೆಯೇ ಇತ್ತು.

"ಏನಿದ್ರೂ ಬಾಯಲ್ಲೇ ಹೇಳಿ, ಸಾಬ್ರೇ," ಎಂದು ಗಾಡಿ ಸ್ಟಾರ್ಟ್ ಮಾಡಿದ.