ಹಡಗಿನ ಲೆಕ್ಕದಲ್ಲಿ ಕಲಸಿದ ಹಿಟ್ಟು

ಧಾರೇಶ್ವರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಭಾಸ್ಕರ ನಾಯ್ಕರು ಭಟ್ಟಿಯ ಬಾಯಿ ತೆರೆದು, ಉದ್ದ ಹಿಡಿಯ ಹಲಗೆಯಿಂದ ಪಾವ್ ಹೊರಗೆಳೆಯುತ್ತಿದ್ದಾರೆ. ಕುಮಟಾಕ್ಕೆ ಹೊರಟ ಮೊದಲ ಬಸ್ಸಿನ ಕಂಡಕ್ಟರ್ ಕಿಟಕಿಯಿಂದಲೇ ಕೈ ಚಾಚಿ ಬಿಸಿ ಪೊಟ್ಟಣ ತೆಗೆದುಕೊಳ್ಳುತ್ತಾನೆ.

ಭಾಸ್ಕರರು ವರ್ಷಗಟ್ಟಲೆ ಪ್ರವಾಸಿ ಹಡಗೊಂದರಲ್ಲಿ ಮೂರು ಸಾವಿರ ಜನರಿಗೆ ಬ್ರೆಡ್ ಸುಟ್ಟವರು. ರಜೆಗೆಂದು ಊರಿಗೆ ಬಂದಾಗ ಕೊರೊನಾ ಬಂತು, ಹಡಗಿನ ಯಾನ ರದ್ದಾಯಿತು. ಕಂಪನಿ ಹೊಸ ದಿನಾಂಕ ಕೊಟ್ಟಿತು, ಅದೂ ರದ್ದು. ಮತ್ತೊಂದು ಕೊಟ್ಟಿತು, ಅದರ ಹಣೆಬರಹವೂ ಅಷ್ಟೇ. ಹೆಂಡತಿ ರೇಖಾ ಬ್ಯಾಗು ಕಟ್ಟಿದ್ದೇ ಬಂತು, ಬಿಚ್ಚಿದ್ದೇ ಬಂತು. "ಭಾಸ್ಕರಣ್ಣ, ಹಡಗು ಬಂತನಾ?" ಎಂದು ಕೇರಿಯವರು ತಮಾಷೆ ಮಾಡಿದರು. ದುಡಿಯುವವನ ಕೈ ಖಾಲಿಯಿದ್ದಾಗ ಇಂಥ ತಮಾಷೆಯೂ ಚುಚ್ಚುತ್ತದೆ.

ಊರಲ್ಲೇ ಇದ್ದ ಮಾವನ ಬೇಕರಿಯೂ ಆಗ ಬಾಗಿಲು ಹಾಕಿತ್ತು. ಅಲ್ಲಿ ಉಳಿದ ಮೈದಾಕ್ಕೆ ಹುಳ ಬೀಳುವ ಮೊದಲು ಮನೆ ಮಟ್ಟಿಗೆ ನಾಲ್ಕು ಪಾವ್ ಸುಡೋಣವೆಂದು ಭಾಸ್ಕರರು ಅಲ್ಲಿನ ಭಟ್ಟಿ ಹೊತ್ತಿಸಿದರು. ಆದದ್ದು ಮಾತ್ರ ಎಡವಟ್ಟು.

"ಚೀಲಕ್ಕೆ ಉಪ್ಪು ಎಷ್ಟು ಅಂದ್ರೆ ಗೊತ್ತಿತ್ತು, ಸೇರಿಗೆ ಎಷ್ಟು ಅಂದ್ರೆ ಗೊತ್ತೇ ಇಲ್ಲ. ಕೈ ಹಡಗಿನ ಲೆಕ್ಕದಲ್ಲೇ ಹೋತು. ಇಡೀ ಚೀಲ ಕಲಸಿ ಹಾಕ್ದೆ!"

"ಇದನ್ನ ಯಾರು ತಿಂತ್ರು?" ಎಂದು ರೇಖಾ ತಲೆಯ ಮೇಲೆ ಕೈ ಹೊತ್ತರು. ಕೊನೆಗೆ ಇಬ್ಬರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಮನೆಮನೆಯ ಜಗಲಿಯ ಮೇಲೆ ಪಾವ್ ಇಟ್ಟು ಬಂದರು. ಅಂಗಡಿಗಳು ಮುಚ್ಚಿದ್ದ ದಿನಗಳು. ಜನ ಮೀನುಸಾರಿನಲ್ಲಿ ಅದ್ದಿ ಚಪ್ಪರಿಸಿದರು. ಮರುದಿನ ಎದುರುಮನೆಯ ಗಂಗಿ ಬಂದು ಅಂಗಳದಲ್ಲಿ ನಿಂತಳು. "ಇವತ್ತು ಎಂತಕ್ಕೆ ಇಲ್ಲ?"

ಅಂದು ಹೊತ್ತಿದ ಭಟ್ಟಿ ಈಗ ದಿನಕ್ಕೆ ಎರಡು ಚೀಲ ಮೈದಾ ನುಂಗುತ್ತದೆ. ತದಡಿ ಬಂದರಿನಿಂದ ಕಡಲಿಗಿಳಿಯುವ ಮೀನು ಬೋಟುಗಳಿಗೂ ಇವರದೇ ಪಾವ್. ಈ ನಡುವೆ ಪ್ರವಾಸಿ ಹಡಗುಗಳು ಮತ್ತೆ ಹೊರಟವು, ಕಂಪನಿಯಿಂದ ಕರೆಯೂ ಬಂತು, ಈ ಸಲ ರದ್ದಾಗದ ಕರೆ. ಭಾಸ್ಕರರೇ ಫೋನ್ ಮಾಡಿ ಬರುವುದಿಲ್ಲವೆಂದರು.

ಕೈಗೆ ಬಂದ ದೊಡ್ಡ ಕೆಲಸ ಬಿಟ್ಟಿರಲ್ಲ, ಬೇಸರವಿಲ್ಲವೇ ಎಂದು ಕೇಳಿದರೆ ಹಿಟ್ಟಿನ ಕೈಯಲ್ಲೇ ಮೂಗು ಒರೆಸಿಕೊಂಡು ನಗುತ್ತಾರೆ.

"ಹಡಗಲ್ಲಿ ನಮ್ಮ ಭಟ್ಟಿ ಇದ್ದದ್ದು ಅಡಿಯ ಮಾಳಿಗೆಲಿ. ತಿಂದವ್ರ ಮುಖ ಒಂದೂ ನೋಡ್ಲಿಲ್ಲ. ಇಲ್ಲಿ ತಳ ಸೀದ್ರೆ ಬಾಗಿಲಿಗೇ ಬಂದು ಬೈತ್ರು. ಬೈಲಿ! ಇದು ಭಾಸ್ಕರ ಸುಟ್ಟದ್ದು ಅಂತ ಅವ್ರಿಗೆ ಗೊತ್ತಲ್ಲ."